ಬೆಚ್ಚನೆ ಕಟ್ಟೆಯ ಹಳದಿ ಗೆರೆ

ಮಾದನಾಯಕನಹಳ್ಳಿ
ಜನವರಿ 30, 2026, ಶುಕ್ರವಾರ

ಮೂರನೇ ಅಡ್ಡರಸ್ತೆ ಮನೆ ಮಾಲೀಕರ ಸಂಘದ ಅಧ್ಯಕ್ಷರೂ, ಮೂವತ್ತೊಂದು ವರ್ಷಗಳಿಂದ ನನ್ನ ಯಜಮಾನರೂ ಆಗಿರುವ ಶ್ರೀ ಮುನಿಯಣ್ಣನವರ ಬಲಗಾಲಿಗೆ ಶ್ಯಾಮಲಾ ಮಾಡುವ ನಮಸ್ಕಾರ. ಎಡಗಾಲಿಗೂ ಮಾಡಬೇಕಿತ್ತು. ಅದು ಬ್ಯಾಂಡೇಜಿನೊಳಗೆ ಇರುವುದರಿಂದ ಅದರ ಪಾಲಿನ ನಮಸ್ಕಾರವನ್ನು ಗಾಯ ಒಣಗುವವರೆಗೆ ತಡೆಹಿಡಿದಿದ್ದೇನೆ.

ನಾನಿಲ್ಲಿ ಕ್ಷೇಮ. ಒಲೆಯೂ ಕ್ಷೇಮ. ಎರಡನೆಯ ಸುದ್ದಿ ನಿಮಗೆ ಹಿಡಿಸುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಿಮ್ಮ ಪತ್ರ ನಿನ್ನೆ ತಲುಪಿತು. ನಿಮ್ಮಕ್ಕನ ಮಗ ಲೋಕೇಶ ಅತ್ತಿಬೆಲೆಯಿಂದ ಬೈಕಿನಲ್ಲಿ ಇಡೀ ಬೆಂಗಳೂರನ್ನು ಸುತ್ತು ಹಾಕಿಕೊಂಡು ಬಂದು ಕೊಟ್ಟ. ಹೆಲ್ಮೆಟ್ಟು ತೆಗೆಯುವ ಮುಂಚೆಯೇ, "ಅತ್ತೆ, ನನ್ನೇನೂ ಕೇಳ್ಬೇಡಿ, ನಾನು ಬರೀ ಪೋಸ್ಟ್‌ಮ್ಯಾನು" ಎಂದ. ಕಾಫಿ ಕೊಟ್ಟ ಮೇಲೆ, "ಮಾವ ಹತ್ತೊಂಬತ್ತು ದಿನದಿಂದ ಗೇಟಿನಾಚೆ ಕಾಲಿಟ್ಟಿಲ್ಲ ಅತ್ತೆ, ಪೇಪರ್ ತರಕ್ಕೂ ನನ್ನೇ ಕಳಿಸ್ತಾರೆ" ಎಂದು ಕೇಳದೆಯೇ ಹೇಳಿದ.

ಪತ್ರ ಬಿಚ್ಚಿದೆ. ಸಂಘದ ಲೆಟರ್‌ಹೆಡ್ಡು. "ಸದರಿ ಒಲೆಯನ್ನು ಏಳು ದಿನಗಳೊಳಗೆ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ನಾನು ಅತ್ತಿಬೆಲೆಯಲ್ಲಿಯೇ ಇರತಕ್ಕದ್ದು." ಕೆಳಗೆ ಸಹಿ, ಸಹಿಯ ಮೇಲೆ ನೇರಳೆ ಸೀಲು. ಹೆಂಡತಿಗೆ ಸೀಲು ಒತ್ತಿ ಪತ್ರ ಬರೆದ ಗಂಡಸು ತುಮಕೂರು ರಸ್ತೆಯ ಉದ್ದಕ್ಕೂ ನೀವೊಬ್ಬರೇ ಇರಬೇಕು. ಸೀಲಿನ ಕೆಳಗೆ ಇನ್ನೊಂದು ಸಾಲಿದೆ. ಅದು ಬೇರೆ ಪೆನ್ನಿನದು, ಅಕ್ಷರಗಳು ವಾರೆಯಾಗಿವೆ. ಆ ಸಾಲಿಗೆ ಆಮೇಲೆ ಬರುತ್ತೇನೆ. ಬರದೆಯೂ ಇರಬಹುದು.

ಮೊದಲ ಎರಡು ಸಾಲಿಗೆ ನನ್ನ ಉತ್ತರ: ತೆರವುಗೊಳಿಸುವುದಿಲ್ಲ.

ಉತ್ತರ ಮುಗಿಯಿತು, ಆದರೆ ಕಾಗದ ಇನ್ನೂ ಉಳಿದಿದೆ. ಅದೂ ಅಲ್ಲದೆ ನಿಮ್ಮ ಕನ್ನಡಕ ಇಲ್ಲೇ ಟಿವಿ ಪಕ್ಕದಲ್ಲಿ ಬಾಯ್ದೆರೆದುಕೊಂಡು ಬಿದ್ದಿರುವುದರಿಂದ ಈ ಪತ್ರವನ್ನು ನಿಮಗೆ ಓದಿ ಹೇಳುವವರು ನಿಮ್ಮಕ್ಕ ವೆಂಕಟಮ್ಮನವರೇ ಎಂದು ಬಲ್ಲೆ. ಅತ್ತಿಗೆ, ನಿಮಗೂ ನಮಸ್ಕಾರ. ನೀವು ಈ ಒಲೆಯನ್ನು ಕಣ್ಣಿನಿಂದ ನೋಡಿದವರಲ್ಲ. ಅವತ್ತು ಫೋನಿನಲ್ಲಿ, "ನನ್ನ ತಮ್ಮನ್ನ ಅಪ್ಳ ಸುಟ್ಟಂಗೆ ಸುಟ್ಟಾಕ್ಬುಟ್ಯಲ್ಲವ್ವಾ" ಎಂದು ಅತ್ತಿರಿ, ಅಷ್ಟೆ. ಆದ್ದರಿಂದ ನಿಮಗಾಗಿ ಮೊದಲಿನಿಂದ ಹೇಳುತ್ತೇನೆ. ಗಟ್ಟಿಯಾಗಿ ಓದಿ. ಅವರಿಗೆ ಬೇಡದ ಮಾತು ಬಂದಾಗ ಎಡಗಿವಿ ಮಂದವಾಗುತ್ತದೆ.

ಪೀಣ್ಯದ ಕಾರ್ಖಾನೆಯಲ್ಲಿ ನಾನು ಇಪ್ಪತ್ತಾರು ವರ್ಷ ಫರ್ನೇಸಿನ ಪಕ್ಕ ನಿಂತಿದ್ದು ನಿಮಗೆ ಗೊತ್ತು. ಬೋಲ್ಟು, ಗೇರುಗಳನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಕೆಲಸ ಅಲ್ಲಿಯದು. ಹಾಗೆ ಗಟ್ಟಿಯಾದ ಮಾಲನ್ನು ಪರೀಕ್ಷಿಸಿ ಪಾಸು ಮಾಡುವವಳು ನಾನು. ಅಲ್ಲೊಂದು ಪದ್ಧತಿಯಿತ್ತು. ಕೆಟ್ಟ ಮಾಲನ್ನು ಪಾಸು ಮಾಡಿ ಹೊರಗೆ ಕಳಿಸಿದವರು ಯಾರೇ ಇರಲಿ, ಕೆಂಪು ಚೀಟಿಯ ಮೇಲೆ ತಪ್ಪನ್ನೂ ತಮ್ಮ ಹೆಸರನ್ನೂ ತಮ್ಮದೇ ಕೈಯಲ್ಲಿ ಬರೆದು, ತಮ್ಮ ಮೇಜಿನ ಮುಂದೆ ಒಂದು ದಿನ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಮ್ಯಾನೇಜರಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ನನ್ನ ಹೆಸರಿನ ಕೆಂಪು ಚೀಟಿ ಒಂದೂ ತೂಗಲಿಲ್ಲ. ನಿವೃತ್ತಿಯ ದಿನ ಸಹೋದ್ಯೋಗಿಗಳು ಹಾರದ ಜೊತೆಗೆ ಖಾಲಿ ಕೆಂಪು ಚೀಟಿಗಳ ಒಂದು ಕಟ್ಟನ್ನು ಕೈಗಿಟ್ಟು, "ಮೇಡಂ, ನಿಮ್ಮ ಪಾಲಿಂದು, ಹಾಗೇ ಉಳ್ಕೊಂಡ್ಬಿಟ್ಟಿದೆ" ಎಂದು ನಗಿಸಿದರು. ಆ ಕಟ್ಟನ್ನು ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಇಟ್ಟಿದ್ದೇನೆ. ಬೇರೆಯವರು ಆ ಜಾಗದಲ್ಲಿ ಚಿನ್ನ ಇಡುತ್ತಾರೆ.

ನಿವೃತ್ತಿಯಾದ ಮೊದಲ ಚಳಿಗಾಲಕ್ಕೇ ನನ್ನ ಬೆರಳುಗಳು ಮಡಚುವುದನ್ನು ನಿಲ್ಲಿಸಿದವು. ಡಾಕ್ಟರು ಅದನ್ನು ಸಂಧಿವಾತ ಎಂದು ಕರೆದರು. ನನ್ನ ಪ್ರಕಾರ ಅದು ಫರ್ನೇಸಿನ ವಿರಹ. ಎರಡು ವರ್ಷ ಮಾತ್ರೆ ನುಂಗಿದೆ, ಎಣ್ಣೆ ತಿಕ್ಕಿದೆ, ಬಿಸಿನೀರಿನ ಚೀಲದ ಜೊತೆ ಸಂಸಾರ ಮಾಡಿದೆ. ಕಳೆದ ವರ್ಷ ನಮ್ಮ ಹಿಂದಿನ ರೂಮಿಗೆ ಬಾಡಿಗೆಗೆ ಬಂದ ಕುಷ್ಟಗಿಯ ಮೇಸ್ತ್ರಿ ಚನಬಸಪ್ಪ ನನ್ನ ಕೈ ನೋಡಿ, "ಅಕ್ಕಾರ, ನಿಮಗ ಔಷಧ ಬ್ಯಾಡ್ರಿ, ಬೆಚ್ಚನ ಕಟ್ಟಿ ಬೇಕು. ಒಮ್ಮಿ ಕುಂತು ನೋಡ್ರಿ, ಆಮ್ಯಾಲ ಏಳೂದೇ ಇಲ್ಲ ನೀವು" ಎಂದ. ಹೆಸರಘಟ್ಟದ ಕಡೆ ಓದಿದವರೆಲ್ಲ ಸೇರಿ ಮಣ್ಣಿನ ಮನೆ ಕಟ್ಟಿಸಿಕೊಳ್ಳುವ ಜಾಗದಲ್ಲಿ ಆತ ಇಂಥ ಎರಡನ್ನು ಕಟ್ಟಿದ್ದನಂತೆ.

ಹಸುಗಳು ಹೋದ ಮೇಲೆ ನಮ್ಮ ಕೊಟ್ಟಿಗೆಯಲ್ಲಿ ಮುರಿದ ಮಂಚ, ಹಳೆಯ ಟೈರು, ನಿಮ್ಮ ಮೂರು ಚುನಾವಣೆಯ ಬ್ಯಾನರುಗಳು ವಾಸವಾಗಿದ್ದವು. ಅವನ್ನೆಲ್ಲ ಖಾಲಿ ಮಾಡಿಸಿ ಅಲ್ಲಿ ಕಟ್ಟಿಸಿದೆ. ಅತ್ತಿಗೆ, ಅದು ಇರುವುದು ಹೀಗೆ. ಮೂಲೆಯಲ್ಲೊಂದು ಸಣ್ಣ ಇಟ್ಟಿಗೆ ಒಲೆ. ಅದರ ಮೇಲೆ ಕವುಚಿ ಹಾಕಿದ ಎಣ್ಣೆ ಡ್ರಮ್ಮು. ಉರಿ ಡ್ರಮ್ಮಿನೊಳಗೆ ಬುಸುಗುಟ್ಟುತ್ತ ಮೇಲೇರಿ ಕೆಳಗಿಳಿಯುತ್ತದೆ. ಆಮೇಲೆ ಆ ಬಿಸಿ ಗಾಳಿ ನೆಲದ ಉದ್ದಕ್ಕೂ ಮಲಗಿಸಿದ ಪೈಪಿನಲ್ಲಿ ಹನ್ನೆರಡಡಿ ಹರಿದು, ಗೋಡೆಯಾಚೆಯ ಕೊಳವೆಯಿಂದ ತಣ್ಣಗಾಗಿ ಹೊರಗೆ ಹೋಗುತ್ತದೆ. ಆ ಪೈಪನ್ನು ಮುಚ್ಚಿ, ಮಣ್ಣು, ಮರಳು, ರಾಗಿ ಹುಲ್ಲು ಕಲಸಿ ಕಟ್ಟಿದ ಉದ್ದನೆಯ ಕಟ್ಟೆಯೇ ಕೂರುವ ಜಾಗ. ಮಣ್ಣು ಬಿಸಿಯನ್ನು ಕುಡಿದು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಸಂಜೆ ಅರ್ಧ ಬುಟ್ಟಿ ಚೂರು ಕಟ್ಟಿಗೆ ಉರಿಸಿದರೆ ಬೆಳಗ್ಗೆ ಹಾಲಿನವನು ಬಂದು ಹೋಗುವವರೆಗೂ ಕಟ್ಟೆ ಬೆಚ್ಚಗೆ ಕಾದಿರುತ್ತದೆ. ಕಟ್ಟಿಗೆಯೆಂದರೆ ಗೋಡೌನಿನವರು ಎಸೆಯುವ ಪ್ಯಾಕಿಂಗ್ ಹಲಗೆ. ಅದರಲ್ಲೂ ಬಣ್ಣ ಹಚ್ಚಿದ್ದು, ಔಷಧಿ ಹೊಡೆದದ್ದು ಬೇಡ ಎಂದು ಒಂದೊಂದನ್ನೂ ಮೂಸಿ ನೋಡಿ ತರುತ್ತೇನೆ.

ಇಲ್ಲಿ ಬಿಸಿಯಲ್ಲಿ ಎರಡು ಜಾತಿ. ಡ್ರಮ್ಮಿನ ಬಿಸಿ ಮುಂಗೋಪಿ, ಎದುರಿಗೆ ಬಂದವರ ಮೇಲೆ ನೇರ ಹಾಯುತ್ತದೆ. ಕಟ್ಟೆಯ ಬಿಸಿಗೆ ತಾಳ್ಮೆ ಹೆಚ್ಚು, ಕೂತವರ ಸೊಂಟವನ್ನು ಕೆಳಗಿನಿಂದ ಮೆಲ್ಲಗೆ ವಿಚಾರಿಸಿಕೊಳ್ಳುತ್ತದೆ. ಕೂರಬೇಕಾದ್ದು ಕಟ್ಟೆಯ ಮೇಲೆ. ಡ್ರಮ್ಮಿನ ಕಡೆಯ ತುದಿ ಹೆಚ್ಚು ಕಾಯುವುದರಿಂದ ಅಲ್ಲಿ ಮಣ್ಣು ಒಂಬತ್ತು ಇಂಚು ದಪ್ಪ, ಇನ್ನೊಂದು ತುದಿಗೆ ಹೋಗುತ್ತ ನಾಲ್ಕೇ ಇಂಚು. ಬಿಸಿ ತುದಿಯಲ್ಲಿ ಕೂರುವವರಿಗೆ ಬೆರಳು ತೂರುವಷ್ಟು ಸಂದು ಬಿಟ್ಟು ಮರದ ಪಟ್ಟಿ ಹಾಕಿಸಿದ್ದೇನೆ. ಹತ್ತಿಯ ಕೌದಿ ಹಾಸಬಹುದು, ಸ್ಪಂಜಿನ ದಿಂಬು ಕೂಡದು. ಉರಿ ಇರುವಾಗ ಕಿಟಕಿಯ ಒಂದು ಬಾಗಿಲು ಯಾವಾಗಲೂ ತೆರೆದೇ ಇರಬೇಕು. ಇನ್ನು ಡ್ರಮ್ಮಿನ ಸುತ್ತ, ಫರ್ನೇಸಿನ ಸುತ್ತ ಇರುವ ಹಾಗೆ, ನೆಲದ ಮೇಲೆ ಹಳದಿ ಗೆರೆ. ಗೆರೆಯೊಳಗೆ ಕುರ್ಚಿ ಇಡಬಾರದು, ಚಾಪೆ ಹಾಸಬಾರದು, ಟವೆಲೂ ಒಣಹಾಕಬಾರದು.

ಆ ಗೆರೆಯನ್ನು ಎಳೆದವಳು ನಾನು. ಅಕ್ಟೋಬರಿನಲ್ಲಿ ಮೊದಲ ಸಲ ಉರಿ ಹಾಕಿದ ದಿನವೇ ಎಳೆದೆ. ಕೈಯ ಹಿಂಬದಿಯನ್ನು ಬಿಸಿಗೆ ಹಿಡಿದು ನೂರು ಎಣಿಸುವುದು, ಎಣಿಸಿ ಮುಗಿಯುವ ಮುಂಚೆ ಕೈ ತಾನಾಗಿ ಹಿಂದೆ ಸರಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗುವುದು, ಕೈ ನಿಂತಲ್ಲಿ ಗೆರೆ ಹಾಕುವುದು. ಕಾರ್ಖಾನೆಯಲ್ಲಿ ಕಲಿತದ್ದು. ಚನಬಸಪ್ಪ ಏನೋ ಹೇಳಲು ಬಾಯಿ ತೆರೆದ. ಬೆಂಕಿಯ ವಿಷಯದಲ್ಲಿ ನನಗೆ ಪಾಠ ಹೇಳಬೇಡ ಕಣಪ್ಪಾ ಎಂದೆ. ಮುಚ್ಚಿಕೊಂಡ.

ನನ್ನ ಬೆರಳುಗಳು ಕಾರ್ತಿಕ ಮುಗಿಯುವ ಹೊತ್ತಿಗೆ ಹೂ ಕಟ್ಟುವಷ್ಟು ಮಡಚತೊಡಗಿದವು. ಸುದ್ದಿ ಹಿಂದಿನ ರೂಮುಗಳಿಗೆ ಹೋಯಿತು. ಗೋಡೌನಿನಲ್ಲಿ ದಿನವಿಡೀ ಸಿಮೆಂಟು ನೆಲದ ಮೇಲೆ ನಿಂತು ಪೆಟ್ಟಿಗೆ ಕಟ್ಟುವ ದುರ್ಗವ್ವ ಮೊದಲು ಬಂದಳು, ಆಮೇಲೆ ಅವಳ ಜೊತೆಯ ಇಬ್ಬರು. ಬೆಳಗಿನ ಪಾಳಿಗೆ ಹೋಗುವ ಮುಂಚೆ ಅರ್ಧ ಗಂಟೆ ಕೂರುವುದು ಅವರ ಪದ್ಧತಿ. "ಅಕ್ಕಾ, ನಮ್ಮ ಊರಾಗ ಬಿಸಲು ಪುಗಸಟ್ಟೆ ಸಿಗತಿತ್ರೀ, ಇಲ್ಲಿ ನಿಮ್ಮ ಕಟ್ಟಿ ಸಿಕ್ಕೈತಿ" ಎಂದು ಆಕೆ ಹೇಳಿದ್ದು ನಿಮ್ಮ ಮುಂದೆಯೇ. ಆಗ ನೀವು ಪೇಪರಿನಿಂದ ತಲೆ ಎತ್ತದೆ "ಹುಚ್ಚು ಒಲೆ" ಎಂದಿರಿ.

ಈಗ ಜನವರಿ ಹನ್ನೊಂದರ ಭಾನುವಾರಕ್ಕೆ ಬರುತ್ತೇನೆ. ಅತ್ತಿಗೆ, ಸ್ವಲ್ಪ ನೀರು ಕುಡಿದು ಮುಂದೆ ಓದಿ.

ಸಂಘದ ಸಭೆ ಎಂದಿನಂತೆ ನಮ್ಮ ತಾರಸಿಯ ಮೇಲೆ ನಡೆಯಬೇಕಿತ್ತು. ಚಳಿಗಾಳಿ ಇದೆಯೆಂದು ನೀವೇ ಅದನ್ನು ಕೊಟ್ಟಿಗೆಗೆ ಇಳಿಸಿದಿರಿ. ಅಷ್ಟು ದಿನ ಹುಚ್ಚು ಒಲೆಯಾಗಿದ್ದದ್ದು ಆ ಬೆಳಗ್ಗೆ ಸದಸ್ಯರ ಮುಂದೆ "ನಮ್ಮ ಹೀಟರು" ಆಯಿತು. ಕಾರ್ಯದರ್ಶಿ ಬಾಲಾಜಿಯ ಬೆನ್ನು ತಟ್ಟಿ, "ಮುಟ್ಟಿ ನೋಡಪ್ಪ ಕಟ್ಟೇನ, ಯಾವ ಫೈವ್ ಸ್ಟಾರ್ ಹೋಟ್ಲಲ್ಲೂ ಇಲ್ಲ" ಎಂದಿರಿ. ನನಗೆ ಸಂತೋಷವೇ ಆಯಿತು. ಸುಳ್ಳು ಹೇಳುವುದಿಲ್ಲ.

ಆಮೇಲೆ ಆದದ್ದು ಸಂತೋಷದ್ದಲ್ಲ. ಕಟ್ಟೆಯ ಮೇಲೆ ದುರ್ಗವ್ವ ಮತ್ತು ಅವಳ ಜೊತೆಯವರು ಕೂತಿದ್ದರು. ನೀವು ನೊಣ ಓಡಿಸುವವರ ಹಾಗೆ ಕೈ ಬೀಸಿ, "ಏಯ್, ಎದ್ದೇಳಿ ಎದ್ದೇಳಿ, ದೊಡ್ಡೋರು ಕೂತ್ಕೋಬೇಕು" ಎಂದಿರಿ. "ಆತ್ರಿ ಸಾವ್ಕಾರ್ರ" ಎಂದು ಆಕೆ ಎದ್ದಳು. ಮಂಡಿ ಚಟಗುಟ್ಟಿದ ಸದ್ದು ನನಗೆ ಕೇಳಿಸಿತು. ಮೂವರೂ ಆಗಷ್ಟೇ ತುಂಬಿ ತಂದಿದ್ದ ತಮ್ಮ ನೀರಿನ ಕೊಡಗಳನ್ನು ಎತ್ತಿಕೊಂಡು ಬಾಗಿಲಾಚೆಯ ಗೋಡೆಗೆ ಒರಗಿ ಚಳಿಯಲ್ಲಿ ನಿಂತರು. ಒಳಗೆ ಸಭೆಯ ಮೊದಲ ವಿಷಯ, ಬಾಡಿಗೆಯವರು ನೀರನ್ನು ಮಿತಿಮೀರಿ ಬಳಸುತ್ತಿರುವ ಬಗ್ಗೆ.

ಹನ್ನೊಂದು ಮಂದಿ ಸದಸ್ಯರು ಕಟ್ಟೆಯ ಮೇಲೆ ಒತ್ತೊತ್ತಾಗಿ ಕೂತರು. ಸಾಮಾನ್ಯ ಸದಸ್ಯರ ಜೊತೆ ಒಂದೇ ಕಟ್ಟೆಯ ಮೇಲೆ ಅಧ್ಯಕ್ಷರು ಕೂರುವುದು ಹೇಗೆ? ನಮ್ಮ ಮನೆಗಳಲ್ಲಿ ಮದುವೆಯಾಗಲಿ ಪಂಚಾಯಿತಿಯಾಗಲಿ, ಯಜಮಾನನ ಜಾಗ ಮುಂದೆ, ಮಧ್ಯದಲ್ಲಿ, ಎಲ್ಲರಿಗೂ ಮುಖ ಕಾಣುವಂತೆ. ಒಲೆಯಿರುವ ಕಡೆ ಅಂಥ ಜಾಗ ಯಾವುದು ಎಂದರೆ ಬೆಂಕಿಯ ಪಕ್ಕವೇ. ನೀವು ಕೆಂಪು ಪ್ಲಾಸ್ಟಿಕ್ ಕುರ್ಚಿ ತರಿಸಿ, ಡ್ರಮ್ಮು ಎಡಗಡೆಗೆ ಬರುವಂತೆ ಹಾಕಿಸಿಕೊಂಡು, ಶಲ್ಯ ಸರಿಮಾಡಿಕೊಂಡು ಕೂತಿರಿ. ಈ ಒಲೆಗೆ ಯಜಮಾನಿಕೆ ತಿಳಿಯುವುದಿಲ್ಲ ರೀ. ಪಕ್ಕಕ್ಕೆ ಬಂದವರನ್ನೆಲ್ಲ ಒಂದೇ ಸಮನಾಗಿ ಕಾಯಿಸುತ್ತದೆ.

ಎಡಗಡೆಯ ಕೆನ್ನೆಯಲ್ಲಿ ಬೆವರು ಇಳಿಯುತ್ತಿದ್ದುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಲಗೆನ್ನೆ ಒಣಗಿತ್ತು. ಅರ್ಧ ಬೆಂದ ರೊಟ್ಟಿಯ ಹಾಗಿದ್ದಿರಿ. ಬೇರೆ ಯಾರೇ ಆಗಿದ್ದರೂ ಕುರ್ಚಿಯನ್ನು ಇಷ್ಟು ಆಚೆಗೆ ಎಳೆದುಕೊಳ್ಳುತ್ತಿದ್ದರು. ಅಧ್ಯಕ್ಷರು ಸ್ಥಾನ ಬದಲಿಸುವುದುಂಟೆ?

ನೀರಿನ ದುರ್ಬಳಕೆಯ ಬಗ್ಗೆ ನಿಮ್ಮ ಭಾಷಣ ಏಳನೆಯ ನಿಮಿಷಕ್ಕೆ ಬಂದಾಗ ಕುರ್ಚಿಯ ಎಡಗಾಲುಗಳು ಮೆತ್ತಗಾದವು. ನೀವು ಎಡಕ್ಕೆ ನಿಧಾನವಾಗಿ, ಬಹಳ ಗಾಂಭೀರ್ಯದಿಂದ ಬಾಗತೊಡಗಿದಿರಿ. ಸದಸ್ಯರು ಅದನ್ನು ವಿನಯ ಎಂದು ತಿಳಿದರು. ಇಬ್ಬರು ಚಪ್ಪಾಳೆ ತಟ್ಟಿದರು. ಬಾಲಾಜಿ ಪ್ರತಿಯಾಗಿ ಕೈಮುಗಿದ. ಆಮೇಲೆ ಕುರ್ಚಿ ಮಡಚಿಕೊಂಡಿತು, ನೀವು ನೆಲಕ್ಕೆ ಬಂದಿರಿ, ನಿಮ್ಮ ಎಡ ಮೀನಖಂಡ ಡ್ರಮ್ಮಿಗೆ ತಗುಲಿತು.

ಇಲ್ಲಿ ತಮಾಷೆ ನಿಲ್ಲಿಸುತ್ತೇನೆ. ನಿಮ್ಮ ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ಸಂಘದವರಲ್ಲಿ ಒಬ್ಬರು ಟೂತ್‌ಪೇಸ್ಟು ಎಂದರು, ಒಬ್ಬರು ಇಂಕು ಎಂದರು, ಒಬ್ಬರು ವೀಡಿಯೊ ತೆಗೆದರು. ಗೋಡೆಗೆ ಒರಗಿದ್ದ ದುರ್ಗವ್ವ ಕೊಡದ ಸಮೇತ ಒಳಗೆ ನುಗ್ಗಿ, "ಯಪ್ಪಾ, ಕಾಲು ಅಲ್ಲಾಡಸಬ್ಯಾಡ್ರಿ, ಸುಮ್ ಕುಂದರ್ರಿ, ನೀರು ಹಾಕ್ತೇನಿ" ಎಂದು ನಿಮ್ಮ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮೂರು ಕೊಡ ನೀರನ್ನು ಸಣ್ಣಗೆ ಸುರಿದಳು. ಚರ್ಮ ಉಳಿದದ್ದು ಆ ನೀರಿನಿಂದ ಎಂದು ದಾಸರಹಳ್ಳಿಯ ಡಾಕ್ಟರು ಹೇಳಿದ್ದು ನಿಮ್ಮ ಎರಡೂ ಕಿವಿಗೆ ಕೇಳಿಸಿದೆ. ಬಾಡಿಗೆಯವರು ಅಂದು ಬಳಸಿದ ಆ ಮೂರು ಕೊಡ ನೀರು ದುರ್ಬಳಕೆಯೋ ಸದ್ಬಳಕೆಯೋ ಎಂದು ನಿಮ್ಮ ನಡಾವಳಿ ಪುಸ್ತಕದಲ್ಲಿ ಯಾರೂ ಬರೆದಂತೆ ಕಾಣೆ.

ಸಂಜೆಯ ಹೊತ್ತಿಗೆ ವೀಡಿಯೊ ಅಡ್ಡರಸ್ತೆಯನ್ನೆಲ್ಲ ಸುತ್ತಿತು. ಅಧ್ಯಕ್ಷರು ಗೆರೆ ದಾಟಿದರಂತೆ, ಹೆಂಡತಿ ಎಳೆದ ಗೆರೆಯನ್ನೇ ದಾಟಿದರಂತೆ ಎಂದು ಟೀ ಅಂಗಡಿಯಲ್ಲಿ ಮಾತಾಯಿತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಕುರ್ಚಿಯ ಚಿತ್ರ ಹಾಕಿದರಂತೆ, ಕೆಳಗೆ ಹನ್ನೊಂದು ನಗು. ಲೋಕೇಶ ಕಾರು ತಂದಾಗ ನೀವು ಹತ್ತಿ ಕೂತು ನನಗೆ ಒಂದೇ ಮಾತು ಹೇಳಿದಿರಿ: "ನೀನಾದ್ರೂ ಹೇಳ್ಬೋದಿತ್ತು ಕಣೇ." ಕುರ್ಚಿ ಅಲ್ಲಿ ಹಾಕಬೇಡಿ ಎಂದು ಹೇಳಬಹುದಿತ್ತು ಎಂಬ ಅರ್ಥದಲ್ಲಿ ಅದನ್ನು ತೆಗೆದುಕೊಂಡೆ. ಅಧ್ಯಕ್ಷರಿಗೆ ಹೇಳುವುದು ನನ್ನ ಕೈಲಾಗದ ಕೆಲಸ ಎಂದು ಮನಸ್ಸಿನಲ್ಲೇ ಉತ್ತರಿಸಿ ಬಾಗಿಲು ಹಾಕಿಕೊಂಡೆ.

ಗೆರೆಯ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ. ಕುರ್ಚಿಯ ಕಾಲು ಕರಗಿ ನೆಲಕ್ಕೆ ಅಂಟಿದ ಕೆಂಪು ಮಚ್ಚೆ ಇನ್ನೂ ಹಾಗೇ ಇದೆ. ಹಳದಿ ಗೆರೆಯೂ ಇದೆ. ಇವತ್ತು ಯಾರು ಬಂದು ನೋಡಿದರೂ ಮಚ್ಚೆ ಗೆರೆಯ ಒಳಗೇ ಇದೆ. ಬಂದವರೆಲ್ಲ ನೋಡಿ ತಲೆಯಾಡಿಸಿ ಹೋಗಿದ್ದಾರೆ. ನಾನು ಇಷ್ಟೇ ಹೇಳುವುದು.

ಈಗ ತೆರವುಗೊಳಿಸತಕ್ಕದ್ದರ ವಿಷಯ. ಕೊಟ್ಟಿಗೆಯ ಜಾಗ ನಿಮ್ಮಪ್ಪನದು, ಒಪ್ಪುತ್ತೇನೆ. ಅದರೊಳಗಿನ ಬಿಸಿ ನನ್ನದು. ಒಲೆ ಅಪಾಯ ಎನ್ನುತ್ತೀರಿ. ಗ್ಯಾಸ್ ಸಿಲಿಂಡರು ಅಪಾಯವಲ್ಲವೇ, ಇಸ್ತ್ರಿಪೆಟ್ಟಿಗೆ ಅಪಾಯವಲ್ಲವೇ, ಜಾಲಹಳ್ಳಿ ಕ್ರಾಸಿನಲ್ಲಿ ರಸ್ತೆ ದಾಟುವುದು ಅಪಾಯವಲ್ಲವೇ? ಅವನ್ನೆಲ್ಲ ಎಲ್ಲಿ ಇಡಬೇಕು, ನಾವು ಎಲ್ಲಿ ನಿಲ್ಲಬೇಕು ಎಂದು ಕಲಿತುಕೊಂಡು ಬದುಕುತ್ತಿಲ್ಲವೇ? ಅಂದು ತಪ್ಪಾಗಿದ್ದು ಕುರ್ಚಿಯ ಜಾಗ. ಕುರ್ಚಿಯ ಜಾಗ ತಪ್ಪಿದ್ದಕ್ಕೆ ಒಲೆಯನ್ನು ಒಡೆಯುವುದು ಯಾವ ನ್ಯಾಯ? ನೀವು ಏಳು ದಿನ ಕೊಟ್ಟಿದ್ದೀರಿ, ಏಳು ವರ್ಷ ಕೊಟ್ಟರೂ ಒಂದು ಹಿಡಿ ಮಣ್ಣು ಕೆಡವುವುದಿಲ್ಲ. ಸೀಲಿನ ಮೇಲೆ ಸೀಲು ಒತ್ತಿ ಕಳಿಸಿ. ಲೋಕೇಶನಿಗೆ ಬೈಕು ಓಡಿಸುವ ಅಭ್ಯಾಸವಾಗುತ್ತದೆ.

ಒಡೆಯುವುದಿರಲಿ, ಕಳೆದ ವಾರ ಕಟ್ಟೆಯನ್ನು ಬೆಳೆಸಿದ್ದೇನೆ. ಹೌದು, ನಿಮ್ಮನ್ನು ಕೇಳದೆ. ಡ್ರಮ್ಮಿನಿಂದ ಅತಿ ದೂರದ ತುದಿಯಲ್ಲಿ, ಕಿಟಕಿಯ ಪಕ್ಕ, ಚನಬಸಪ್ಪ ಇನ್ನೊಂದು ಆಸನ ಸೇರಿಸಿದ. ಉಳಿದ ಕಟ್ಟೆ ಹದಿನಾರು ಇಂಚು 
ಎತ್ತರ, ಇದು ಇಪ್ಪತ್ತು. ಬಲ ಮಂಡಿ ಪೂರ್ತಿ ಮಡಚದವರು ಕೆಳಗೆ ಕೂತರೆ ಏಳುವಾಗ ಪಕ್ಕದವರ ಹೆಗಲು ಹಿಡಿಯಬೇಕಾಗುತ್ತದೆ, ಅದು ಅವರ ಘನತೆಗೆ ಕುಂದು. ಬೆನ್ನಿಗೆ ಸ್ವಲ್ಪ ಹಿಂದಕ್ಕೆ ವಾಲಿದ ಮಣ್ಣಿನ ಒರಗು. ಎಡಗಾಲನ್ನು ಚಾಚಿಡಲು ಒಂದು ಮೋಟು ಕಟ್ಟೆ. ಕೈಗೆ ಎಟಕುವಷ್ಟು ಎತ್ತರದಲ್ಲಿ ಪೇಪರು ಮತ್ತು ಕನ್ನಡಕ ಇಡುವ ಗೂಡು. ಅಲ್ಲಿಂದ ಬಾಗಿಲೂ ಕಾಣುತ್ತದೆ, ಬೀದಿಯೂ ಕಾಣುತ್ತದೆ, ಬೀದಿಯಲ್ಲಿ ಹೋಗುವವರಿಗೆ ಕೂತವರ ಮುಖವೂ ಕಾಣುತ್ತದೆ. ಇದನ್ನು ನಿರ್ದಿಷ್ಟವಾಗಿ ಯಾರಿಗೂ ಕಟ್ಟಿಸಿದ್ದಲ್ಲ. ಮಾದನಾಯಕನಹಳ್ಳಿಯಲ್ಲಿ ಬಲ ಮಂಡಿ ಮಡಚದ, ಎಡ ಮೀನಖಂಡ ಸುಟ್ಟ, ಪೇಪರು ಓದುತ್ತ ಬೀದಿ ಕಾಯುವ ಗಂಡಸರು ಬೇಕಾದಷ್ಟು ಜನ ಇರಬಹುದು.

ಆ ಆಸನಕ್ಕೆ ಒಂದು ಷರತ್ತಿದೆ. ಪಕ್ಕದ ಜಾಗ ದುರ್ಗವ್ವನದು. ಅವಳನ್ನು ಅಲ್ಲಿಂದ ಯಾರೂ ಏಳಿಸುವಂತಿಲ್ಲ. ಅಧ್ಯಕ್ಷರು ಬರಲಿ, ಶಾಸಕರು ಬರಲಿ, ದೊಡ್ಡೋರು ಬೇಕಾದರೆ ಸುತ್ತ ನಿಂತು ಚಳಿ ಕಾಯಿಸಿಕೊಳ್ಳಲಿ. ಆಕೆ ನಿಮ್ಮ ಪಾದವನ್ನು ತೊಡೆಯ ಮೇಲಿಟ್ಟುಕೊಂಡವಳು. ಒಂದೇ ಕಟ್ಟೆಯ ಮೇಲೆ ಅವಳ ಪಕ್ಕ ಕೂರಲು ನಿಮಗಾಗದಿದ್ದರೆ ಅತ್ತಿಬೆಲೆಯಲ್ಲಿಯೇ ಇರತಕ್ಕದ್ದು. ಇದಕ್ಕೆ ನನ್ನ ಬಳಿ ಸೀಲಿಲ್ಲ, ಆದರೂ ಇದು ಖಾಯಂ.

ಅವರೆಕಾಯಿ ಇನ್ನೇನು ಮುಗಿಯುತ್ತಿದೆ. ಸೊಗಡು ಅವರೆ ತಂದು ಹಿಸುಕಿ ಸಾರು ಮಾಡಿದ್ದೇನೆ, ಪಾತ್ರೆ ಡ್ರಮ್ಮಿನ ತಲೆಯ ಮೇಲೆ ಬೆಚ್ಚಗೆ ಕೂತಿದೆ. ಮುದ್ದೆಯನ್ನು ಮಾತ್ರ ಒಬ್ಬಳಿಗೇ ಅಳತೆಗೆ ತೊಳಸಲು ಇನ್ನೂ ಬಂದಿಲ್ಲ, ದಿನವೂ ಒಂದು ಹೆಚ್ಚಾಗುತ್ತದೆ.

ಅತ್ತಿಗೆ, ಓದಿ ದಣಿದಿರಬೇಕು. ಮಾತ್ರೆ ತೆಗೆದುಕೊಂಡರೋ ಇಲ್ಲವೋ ಎಂದು ಅವರನ್ನು ಕೇಳಿ. ಹೂಂ ಅಂದರೆ ನಂಬಬೇಡಿ, ಡಬ್ಬಿ ತೆರೆದು ನೋಡಿ.

ಇಂತಿ,
ಒಡೆಯದ ಒಲೆಯ ಪಕ್ಕ ಕೂತು ಬರೆದ,
ಶ್ಯಾಮಲಾ

ಇನ್ನೂ ಒಂದು ಮಾತು. ಮರೆತದ್ದಲ್ಲ, ಮುಂದೂಡಿದ್ದು. ಅತ್ತಿಗೆ, ಇದನ್ನು ಇನ್ನೂ ಗಟ್ಟಿಯಾಗಿ ಓದಿ, ಪಕ್ಕದ ಮನೆಯವರಿಗೂ ಕೇಳಲಿ.

ಸೀಲಿನ ಕೆಳಗಿನ ಸಾಲಿಗೆ ಬಂದೆ. "ಶ್ಯಾಮಲಾ, ನಾನು ಗೆರೆ ದಾಟಿರಲಿಲ್ಲ ಕಣೇ" ಎಂದು ಕನ್ನಡಕವಿಲ್ಲದೆ ಬರೆದಿದ್ದೀರಿ. ದಾಟಿರಲಿಲ್ಲ. ನಿಮ್ಮ ಕುರ್ಚಿ ಗೆರೆಯಿಂದ ಒಂದು ಗೇಣು ಆಚೆಗೇ ಇತ್ತು. ಕೂರುವ ಮುಂಚೆ ನೀವು ಬಗ್ಗಿ ಗೆರೆ ನೋಡಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದ್ದನ್ನು ನಾನು ನೋಡಿದೆ. ನನ್ನ ಗೆರೆಯನ್ನು ನಂಬಿ ಕೂತಿರಿ. ಗೆರೆಯೇ ತಪ್ಪಾಗಿತ್ತು. ಅಕ್ಟೋಬರಿನಲ್ಲಿ ಅರ್ಧ ಬುಟ್ಟಿ ಕಟ್ಟಿಗೆಯ ಉರಿಗೆ, ಒಂದೇ ದಿನ ಕೈ ಹಿಡಿದು ಎಳೆದ ಗೆರೆ ಅದು. "ಅಕ್ಕಾರ, ಒಂದ ದಿನದ ಉರಿ ನೋಡಿ ಗೆರಿ ಹೊಡಿಬ್ಯಾಡ್ರಿ, ಥಂಡಿ ಬರ್ಲಿ, ಇನ್ನೊಮ್ಮಿ ನೋಡೂಣು" ಎಂದೇ ಚನಬಸಪ್ಪ ಅಂದು ಬಾಯಿ ತೆರೆದದ್ದು. ಸಭೆಯ ದಿನ ಸಂಘದವರು ಬೆರಗಾಗಲಿ ಎಂದು ಎರಡು ಬುಟ್ಟಿ ಒಣ ಹಲಗೆ ತುಂಬಿದವಳೂ ನಾನೇ. ನಿಮ್ಮ ಕಾರು ತಿರುವು ದಾಟಿದ ಮೇಲೆ, ಮತ್ತೆ ಎರಡು ಬುಟ್ಟಿ ಉರಿಸಿ, ಕೈ ಹಿಡಿದು ಎಣಿಸಿ, ಗೆರೆಯನ್ನು ಸರಿಯಾದ ಜಾಗಕ್ಕೆ ಎಳೆದೆ. ಹಳೆಯದನ್ನು ಉಜ್ಜಿ ತೆಗೆದೆ. ಮರುದಿನದಿಂದ ನೋಡಲು ಬಂದವರಿಗೆ ಮಚ್ಚೆ ಒಳಗೇ ಕಂಡಿತು. ನಾನು ಬಾಯಿ ಬಿಡಲಿಲ್ಲ. ಇಪ್ಪತ್ತಾರು ವರ್ಷ ಅಡ್ಡ ಬಂತು. ನೀವು ದಾಟಿರಲಿಲ್ಲವೆಂದು ನಾನಾದರೂ ಹೇಳಬಹುದಿತ್ತು ಎಂಬುದೇ ಕಾರಿನಲ್ಲಿ ಹೇಳಿದ ಆ ಮಾತಿನ ಅರ್ಥ ಎಂದು ನನಗೆ ಅವತ್ತೇ ಗೊತ್ತಿತ್ತು.

ಒಲೆ ಒಡೆಯುವುದಿಲ್ಲ, ದುರ್ಗವ್ವ ಏಳುವುದಿಲ್ಲ, ಅದರಲ್ಲಿ ಬದಲಾವಣೆಯಿಲ್ಲ. ಆದರೆ ಲಕೋಟೆಯಲ್ಲಿ ಇನ್ನೊಮ್ಮೆ ಕೈ ಹಾಕಿ ನೋಡಿ. ಕೆಂಪು ಚೀಟಿ ಇದೆ. "ತಪ್ಪು: ಗೆರೆ. ಪಾಸು ಮಾಡಿದವರು: ಶ್ಯಾಮಲಾ." ಇಂಥದ್ದೇ ಇನ್ನೊಂದನ್ನು ಈ ಬೆಳಗ್ಗೆ ಕೊಟ್ಟಿಗೆಯ ಬಾಗಿಲಿಗೆ, ಬೀದಿಗೆ ಕಾಣುವಂತೆ ತೂಗುಹಾಕಿದ್ದೇನೆ. ಬಾಲಾಜಿ ನಿಂತು ಎರಡು ಸಲ ಓದಿಕೊಂಡು ಹೋದ. ನಿಯಮದ ಪ್ರಕಾರ ಅದು ತೂಗಬೇಕಾದ್ದು ಒಂದೇ ದಿನ. ನೀವು ಬಂದು ನಿಮ್ಮ ಕೈಯಾರೆ ಬಿಚ್ಚುವವರೆಗೆ ನಾನು ಅದನ್ನು ಮುಟ್ಟುವುದಿಲ್ಲ.